ಹನ್ನೆರಡು ಹೆಸರು ಮೊಮ್ಮಕ್ಕಳಿಗೆ ಗೊತ್ತಿದೆಯೇ?

ಪ್ರಶ್ನೆ: ನಾವು ಮೂಲತಃ ಕೆ.ಆರ್. ಪೇಟೆ ತಾಲ್ಲೂಕಿನವರು. ನಲವತ್ತು ವರ್ಷಗಳಿಂದ ಬೆಂಗಳೂರಿನಲ್ಲಿದ್ದೇವೆ. ಮೊಮ್ಮಗನಿಗೆ ಏಳು ವರ್ಷ, ಮೊಮ್ಮಗಳಿಗೆ ಐದು. ಮಗ, ಸೊಸೆ ಇಬ್ಬರೂ ಕೆಲಸಕ್ಕೆ ಹೋಗುವವರು. ಮಕ್ಕಳಿಗೆ ನಮ್ಮ ಸಂಪ್ರದಾಯ ಹೇಳಿಕೊಡಬೇಕೆಂದು ನನಗೆ ಆಸೆ. ಆದರೆ ಶ್ಲೋಕ ಹೇಳಿಸಲು ಕೂರಿಸಿದರೆ ಎದ್ದು ಓಡುತ್ತಾರೆ. ಮಗ "ಬಲವಂತ ಮಾಡಬೇಡಿ ಅಮ್ಮ" ಅನ್ನುತ್ತಾನೆ. ಉಪನಯನಕ್ಕೆ ಮುಂಚೆ ಹುಡುಗನಿಗೆ ಮಂತ್ರ ಹೇಳಿಕೊಡಬಹುದೇ? ಹೆಣ್ಣುಮಗುವಿಗೆ ಏನು ಹೇಳಿಕೊಡಬೇಕು? ಬೇಸಗೆ ರಜೆಯಲ್ಲಿ ಊರ ಕಡೆ ಕರೆದುಕೊಂಡು ಹೋಗಬೇಕೆಂದಿದ್ದೇವೆ. ಮನೆದೇವರಿಗಿಂತ ಮೊದಲು ಬೇರೆ ದೇವಸ್ಥಾನಕ್ಕೆ ಹೋದರೆ ದೋಷವೇ? ನಮ್ಮ ಯಜಮಾನರಿಗೆ ಈಚೆಗೆ ಮರೆವು ಹೆಚ್ಚಾಗಿದೆ, ಆದ್ದರಿಂದ ಈ ವರ್ಷವೇ ಹೋಗಿಬರೋಣ ಅಂತ.
– ಹೆಸರು ಬೇಡ ಎಂದಿರುವ ಓದುಗರು, ಬೆಂಗಳೂರು

ಉತ್ತರ: ತಾಯೀ, ನೀವು ಕೇಳಿರುವುದು ಮೂರು ಪ್ರಶ್ನೆ. ಮೂರಕ್ಕೂ ಉತ್ತರ ಹೇಳುತ್ತೇನೆ. ಆದರೆ ನಿಮ್ಮ ಕಾಗದದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮಾತು ನೀವು ಪ್ರಶ್ನೆಯಾಗಿ ಬರೆಯದೇ ಇರುವ ಕೊನೆಯ ಸಾಲು. ಅಲ್ಲಿಂದಲೇ ಶುರು ಮಾಡೋಣ.

ನಾನು ಶ್ರೀರಂಗಪಟ್ಟಣದವನು. ಇಲ್ಲಿ ಕಾವೇರಿ ಪಶ್ಚಿಮಕ್ಕೆ ತಿರುಗಿ ಹರಿಯುವ ಜಾಗಕ್ಕೆ ಪಶ್ಚಿಮವಾಹಿನಿ ಎಂದು ಹೆಸರು. ಪಿತೃಕಾರ್ಯಕ್ಕೆ ಶ್ರೇಷ್ಠವಾದ ಸ್ಥಳವೆಂದು ದೂರದೂರದಿಂದ ಜನ ಬರುತ್ತಾರೆ. ಒಂದು ಮಹಾಲಯ ಅಮಾವಾಸ್ಯೆಯ ದಿನ ಬೆಂಗಳೂರಿನಿಂದ ಒಬ್ಬ ಹುಡುಗ ಬಂದಿದ್ದ. ಮೂವತ್ತೈದರ ವಯಸ್ಸಿರಬಹುದು. ಒಳ್ಳೆಯ ಶ್ರದ್ಧೆ. ಪಂಚೆ ಉಟ್ಟು, ಎಳ್ಳು, ದರ್ಭೆ ಎಲ್ಲ ತಾನೇ ತಂದಿದ್ದ. ತಂದೆಯ ಹೆಸರು ಕೇಳಿದೆ, ಹೇಳಿದ. ತಾತನ ಹೆಸರು ಕೇಳಿದೆ, ಹೇಳಿದ. ತಾತನ ತಂದೆಯ ಹೆಸರು ಕೇಳಿದಾಗ ಸುಮ್ಮನೆ ನಿಂತುಬಿಟ್ಟ. ಮೊಬೈಲ್ ತೆಗೆದು ಸೋದರತ್ತೆಗೆ ಫೋನ್ ಮಾಡಿದ. ಆಕೆಗೂ ಗೊತ್ತಿಲ್ಲ. ಚಿಕ್ಕಪ್ಪನಿಗೆ ಮಾಡಿದ. ಅವರಿಗೂ ಇಲ್ಲ. ಹಿಂದೆ ಸಾಲಾಗಿ ಜನ ಕಾಯುತ್ತಿದ್ದಾರೆ, ಇವನ ಅಂಗೈಯಲ್ಲಿ ಎಳ್ಳು ಒದ್ದೆಯಾಗಿ ಅಂಟಿಕೊಂಡಿದೆ.

"ನಿಮ್ಮ ತಾತ ಯಾವಾಗ ಹೋದರು?" ಅಂತ ಕೇಳಿದೆ. "ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ. ನಮ್ಮ ಮನೆಯಲ್ಲೇ ಇದ್ದರು" ಅಂದ. ಹದಿನಾಲ್ಕು ವರ್ಷ ಒಂದೇ ಮನೆಯಲ್ಲಿ ಇದ್ದ ತಾತ, ತನ್ನ ಅಪ್ಪನ ಹೆಸರನ್ನು ಮೊಮ್ಮಗನಿಗೆ ಹೇಳಲಿಲ್ಲ. ಮೊಮ್ಮಗ ಕೇಳಲಿಲ್ಲ. ಯಾರದ್ದೂ ತಪ್ಪಲ್ಲ, ಆದರೆ ಹೆಸರು ಹೋಯಿತು.

ಶಾಸ್ತ್ರದಲ್ಲಿ ಇದಕ್ಕೆ ದಾರಿ ಇದೆ, ಓದುಗರು ಗಾಬರಿಯಾಗುವುದು ಬೇಡ. ಗೋತ್ರ ತಿಳಿಯದವರಿಗೆ ಕಾಶ್ಯಪ ಗೋತ್ರ. ಪಿತೃಗಳ ಹೆಸರು ತಿಳಿಯದಿದ್ದರೆ ಪೃಥಿವಿಯಲ್ಲಿರುವ ಪಿತೃ, ಅಂತರಿಕ್ಷದಲ್ಲಿರುವ ಪಿತೃ, ದ್ಯುಲೋಕದಲ್ಲಿರುವ ಪಿತೃ ಎಂದು ಹೇಳಿ ಕರ್ಮ ನಡೆಸಬಹುದೆಂದು ಸೂತ್ರಕಾರರು ವಿಧಿಸಿದ್ದಾರೆ. ಆ ಹುಡುಗನಿಗೂ ಹಾಗೆಯೇ ಮಾಡಿಸಿದೆ. ಕರ್ಮಲೋಪವಾಗಲಿಲ್ಲ. ಆದರೆ ಅವನು ಏಳುವಾಗ, "ಸ್ವಾಮಿ, ಮುತ್ತಾತನಿಗೆ ನಾನೇ ಅಂತ ಗೊತ್ತಾಗುತ್ತಾ?" ಅಂದ. ಗೊತ್ತಾಗುತ್ತದೆ ಅಂದೆ. ಅದು ಸತ್ಯವೇ. ಆದರೂ ಆ ಪ್ರಶ್ನೆ ಕೇಳುವ ಸ್ಥಿತಿ ಆ ಹುಡುಗನಿಗೆ ಬರಬಾರದಿತ್ತು. ಶಾಸ್ತ್ರ ಕೊಟ್ಟಿರುವುದು ಊರುಗೋಲು. ಕಾಲು ಗಟ್ಟಿಯಾಗಿರುವಾಗಲೇ ಊರುಗೋಲು ಹಿಡಿಯುವುದು ಯಾಕೆ?

ಈಗ ನಿಮ್ಮ ಮೊದಲನೆಯ ಪ್ರಶ್ನೆ. ಉಪನಯನಕ್ಕೆ ಮುಂಚೆ ಹೇಳಿಕೊಡಬಹುದೇ? ಗಾಯತ್ರಿ ಮತ್ತು ಸ್ವರಸಹಿತವಾದ ವೇದಮಂತ್ರಗಳು ಉಪನಯನದ ನಂತರ. ದೇವರ ನಾಮ, ಶ್ಲೋಕ, ದಾಸರ ಪದ, ಕಥೆ ಇವಕ್ಕೆ ಯಾವ ತಡೆಯೂ ಇಲ್ಲ. ಆದರೆ "ಬಲವಂತ ಬೇಡ" ಎಂದ ನಿಮ್ಮ ಮಗನ ಮಾತು ಶಾಸ್ತ್ರಕ್ಕೆ ವಿರುದ್ಧವಾದದ್ದು ಎಂದು ತಿಳಿಯಬೇಡಿ. ಉಪನಯನವಾಗುವವರೆಗೆ ಮಗು ತನ್ನ ಇಷ್ಟದಂತೆ ನಡೆಯಬಹುದು, ಇಷ್ಟದಂತೆ ಮಾತಾಡಬಹುದು, ಇಷ್ಟವಾದದ್ದನ್ನು ತಿನ್ನಬಹುದು ಎಂಬರ್ಥದ ಮಾತು ಗೌತಮ ಧರ್ಮಸೂತ್ರದಲ್ಲೇ ಇದೆ. ಋಷಿಗಳು ಮಕ್ಕಳನ್ನು ಬಲ್ಲವರಾಗಿದ್ದರು. ನಾವು ಅವರಿಗಿಂತ ಕಟ್ಟುನಿಟ್ಟಾಗಲು ಹೊರಟಿದ್ದೇವೆ, ಅಷ್ಟೇ.

ಇದನ್ನು ನಾನು ಪುಸ್ತಕ ನೋಡಿ ಕಲಿಯಲಿಲ್ಲ, ಪೆಟ್ಟು ತಿಂದು ಕಲಿತೆ. ನನ್ನ ಮಗಳ ಮಗ ಆರು ವರ್ಷದವನಿದ್ದಾಗ ರಜೆಗೆ ಬಂದಿದ್ದ. ದಿನಾ ಬೆಳಗ್ಗೆ ದೇವರ ಮನೆಯಲ್ಲಿ ಕೂರಿಸಿ ಶ್ಲೋಕ ಹೇಳಿಸಲು ಶುರು ಮಾಡಿದೆ. ಪಾಠಶಾಲೆಯಲ್ಲಿ ನಾವು ಕಲಿತ ಕ್ರಮವೇ ನನಗೆ ಗೊತ್ತಿದ್ದದ್ದು. ಒಂದು ಅಕ್ಷರ ತಪ್ಪಿದರೂ ನಿಲ್ಲಿಸಿ ಮೊದಲಿನಿಂದ ಹೇಳಿಸುತ್ತಿದ್ದೆ. ಐದನೆಯ ದಿನ ಅವನು ಫೋನಿನಲ್ಲಿ ಅವರಮ್ಮನಿಗೆ ಹೇಳುತ್ತಿದ್ದ ಮಾತು ಕಿವಿಗೆ ಬಿತ್ತು: "ತಾತ ದೇವರ ಮನೆಗೆ ಕರೆದರೆ ನನಗೆ ಹೊಟ್ಟೆ ನೋವು ಬರುತ್ತೆ." ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನೂರಾರು ಜನರಿಗೆ ದೇವರ ದಾರಿ ತೋರಿಸುವವನು ನನ್ನ ಮನೆಯ ಮಗುವಿಗೆ ದೇವರ ಮನೆಯ ಭಯ ಹುಟ್ಟಿಸಿದ್ದೆ.

ಮುಂದಿನ ರಜೆಯಲ್ಲಿ ಪಾಠ ನಿಲ್ಲಿಸಿದೆ. "ಪೂಜೆ ಹೊತ್ತಿನಲ್ಲಿ ಗಂಟೆ ಬಾರಿಸುವ ಕೆಲಸ ನಿನ್ನದು. ನೀನು ಬರದಿದ್ದರೆ ಮಂಗಳಾರತಿ ಇಲ್ಲ" ಅಂದೆ. ಓಡಿ ಬರುತ್ತಿದ್ದ. ತಿಂಗಳಾಗುವ ಹೊತ್ತಿಗೆ ನಾನು ಹೇಳುತ್ತಿದ್ದ ಶ್ಲೋಕದ ಎರಡು ಸಾಲು ಅವನ ಬಾಯಲ್ಲಿ ತಾನೇ ಬಂತು, ತಪ್ಪು ತಪ್ಪಾಗಿ. ನಾನು ತಿದ್ದಲಿಲ್ಲ. ತಿದ್ದಲು ಇನ್ನೂ ಕಾಲವಿದೆ.

ಆದ್ದರಿಂದ ಮಕ್ಕಳಿಗೆ ಪಾಠಕ್ಕಿಂತ ಮೊದಲು ಕೆಲಸ ಕೊಡಿ. ಹೂ ಬಿಡಿಸುವುದು, ಬತ್ತಿ ಎಣ್ಣೆಯಲ್ಲಿ ಅದ್ದುವುದು, ತೀರ್ಥಕ್ಕೆ ತುಳಸಿ ಹಾಕುವುದು, ಯುಗಾದಿಗೆ ಬೇವು ಬೆಲ್ಲ ಹಂಚುವುದು, ಸಂಕ್ರಾಂತಿಗೆ ಎಳ್ಳು ಬೀರುವುದು. ಇದು ನಿನ್ನ ಕೆಲಸ, ನೀನಿಲ್ಲದೆ ಆಗುವುದಿಲ್ಲ ಅನ್ನಿ. ಆಮೇಲೆ ಒಂದೇ ಒಂದು ಪಾಠ ಹೇಳಿಕೊಡಿ. ಅದು ಸಂಸ್ಕೃತದಲ್ಲಿ ಇಲ್ಲ, ಕನ್ನಡದಲ್ಲೇ ಇದೆ: "ನಾನು ಇಂಥವರ ಮಗ, ಇಂಥವರ ಮೊಮ್ಮಗ, ಇಂಥವರ ಮರಿಮಗ. ನಮ್ಮ ಊರು ಇದು. ನಮ್ಮ ಮನೆದೇವರು ಇವರು." ಉಪನಯನವಾದ ಮೇಲೆ ವಟು ಹೇಳುವ ಅಭಿವಾದನದಲ್ಲಿ ಇರುವುದೂ ಇದೇ ತಾನೇ? ಪ್ರವರದ ಋಷಿಗಳನ್ನು ಹೇಳಿ, ಗೋತ್ರ, ಸೂತ್ರ, ಶಾಖೆ ಹೇಳಿ, ಎಲ್ಲಕ್ಕಿಂತ ಕೊನೆಗೆ ತನ್ನ ಹೆಸರು ಹೇಳಿ ನಮಸ್ಕರಿಸುವುದು. ನಮಗಿಂತ ಮುಂಚೆ ಇಷ್ಟು ಜನ ಇದ್ದರು ಎಂಬುದೇ ಅದರ ಅರ್ಥ. ಉಪನಯನದ ಸಂಪ್ರದಾಯ ಇಲ್ಲದ ಮನೆಗಳಲ್ಲಿ ಬಳಿ, ಬೆಡಗು ಇರುತ್ತದೆ, ಕುಲದೇವರು ಇರುತ್ತಾರೆ, ಹಿರಿಯರಿಗೆ ಎಡೆ ಇಡುವ ಪದ್ಧತಿ ಇರುತ್ತದೆ. ಈ ಮಾತು ಎಲ್ಲರಿಗೂ ಒಂದೇ.

ಎರಡನೆಯ ಪ್ರಶ್ನೆ, ಹೆಣ್ಣುಮಗುವಿಗೆ ಏನು? ಹುಡುಗನಿಗೆ ಹೇಳಿದ್ದೆಲ್ಲ ಅವಳಿಗೂ. ಅದರ ಮೇಲೆ ಇನ್ನೊಂದು. ಪಿತೃಕಾರ್ಯದಲ್ಲಿ ತಂದೆ, ತಾತ, ಮುತ್ತಾತ ಮೂವರನ್ನು ವಸು, ರುದ್ರ, ಆದಿತ್ಯ ಸ್ವರೂಪದಲ್ಲಿ ಕರೆಯುತ್ತೇವೆ. ಅಲ್ಲಿಗೆ ಮುಗಿಯುವುದಿಲ್ಲ. ತಾಯಿ, ತಂದೆಯ ತಾಯಿ, ಅವರ ಅತ್ತೆ, ಹೀಗೆ ಮೂವರು ಹೆಂಗಸರು. ತಾಯಿಯ ತವರಿನಲ್ಲಿ ಮೂವರು ಗಂಡಸರು, ಅವರ ಪತ್ನಿಯರು ಮೂವರು. ಒಟ್ಟು ಹನ್ನೆರಡು ಹೆಸರು. ಗಂಡಸರ ಹೆಸರಾದರೂ ಪಹಣಿಯಲ್ಲೋ ಪತ್ರದಲ್ಲೋ ಸಿಗುತ್ತದೆ. ಹೆಂಗಸರ ಹೆಸರು ಎಲ್ಲಿ ಸಿಗಬೇಕು? "ಅಜ್ಜಿ" ಅಂತ ಕರೆದು ಕರೆದು ಹೆಸರೇ ಮರೆತಿರುತ್ತೇವೆ.

ನನ್ನ ಮುತ್ತಜ್ಜಿಯ ಹೆಸರು ನನಗೆ ತಿಳಿದದ್ದು ಐವತ್ತು ದಾಟಿದ ಮೇಲೆ. ಅಟ್ಟದ ಮೇಲಿಂದ ಹಳೆಯ ಹಿತ್ತಾಳೆ ಚೊಂಬೊಂದನ್ನು ಇಳಿಸಿ ಹುಣಸೆಹಣ್ಣು ಹಾಕಿ ಉಜ್ಜಿದಾಗ ಕಂಠದ ಹತ್ತಿರ ಕೊರೆದ ಅಕ್ಷರ ಕಾಣಿಸಿತು. ತವರಿನವರು ಮದುವೆಯಲ್ಲಿ ಹೆಸರು ಕೊರೆಸಿ ಕೊಟ್ಟ ಪಾತ್ರೆ. ಅಲ್ಲಿಯವರೆಗೆ ನೂರಾರು ಮನೆಯ ಪ್ರವರ ಬಾಯಿಪಾಠ ಇದ್ದ ನನಗೆ ನಮ್ಮ ಮನೆಯ ಆ ಒಂದು ಹೆಸರು ಗೊತ್ತಿರಲಿಲ್ಲ. ತಾಯೀ, ನಿಮ್ಮ ಮನೆಯಲ್ಲೂ ಅಂಥ ಪಾತ್ರೆ ಇದ್ದೇ ಇರುತ್ತದೆ. ಒಂದು ಭಾನುವಾರ ಎಲ್ಲವನ್ನೂ ಇಳಿಸಿ, ಮೊಮ್ಮಗನ ಕೈಯಲ್ಲಿ ಅಕ್ಷರ ಓದಿಸಿ. ಇನ್ನೂ ಓದಲು ಬಾರದ ಮೊಮ್ಮಗಳು ಆ ಅಕ್ಷರದ ಮೇಲೆ ಬೆರಳಾಡಿಸಲಿ. "ಇದು ಯಾರ ಹೆಸರು ಅಜ್ಜಿ?" ಅಂತ ಅವರೇ ಕೇಳುತ್ತಾರೆ. ಆಗ ನೀವು ಹೇಳುವ ಕಥೆ ಅವರು ಎದ್ದು ಓಡದೆ ಕೇಳುವ ಕಥೆ.

ನವರಾತ್ರಿಯ ಗೊಂಬೆಯೂ ಹೀಗೆಯೇ. 1610 ರಲ್ಲಿ ರಾಜ ಒಡೆಯರು ನಮ್ಮ ಶ್ರೀರಂಗಪಟ್ಟಣದಲ್ಲಿ ದಸರಾ ಆರಂಭಿಸಿದರು. ಅರಮನೆಯ ಹಬ್ಬ ಮುಂದೆ ಮೈಸೂರಿಗೆ ಹೋಯಿತು. ನಮ್ಮ ಸೀಮೆಯ ಮನೆಗಳಲ್ಲಿ ಗೊಂಬೆ ಕೂರಿಸುವ ಪದ್ಧತಿ ಉಳಿದುಬಂತು. ಮದುವೆಯಲ್ಲಿ ತಾಯಿ ಮಗಳಿಗೆ ಕೊಡುವ ಪಟ್ಟದ ಗೊಂಬೆ ಇದ್ದರೆ ಅದನ್ನು ಕೂರಿಸುವ ಕೆಲಸ ಮೊಮ್ಮಗಳದ್ದಾಗಲಿ. ಗೊಂಬೆ ಕೂರಿಸುವ ಆಶ್ವಯುಜ ಶುದ್ಧ ಪಾಡ್ಯದ ದಿನ ಪಂಚಾಂಗ ತೆಗೆದು ನೋಡಿ, ಮಾತಾಮಹ ಶ್ರಾದ್ಧ ಎಂದು ಬರೆದಿರುತ್ತದೆ. ಮಗಳ ಮಗ ತಾಯಿಯ ತಂದೆಯನ್ನು ಸ್ಮರಿಸುವ ದಿನ. ಶ್ರಾದ್ಧವನ್ನು ಪವಿತ್ರ ಮಾಡುವ ಮೂರರಲ್ಲಿ ಎಳ್ಳು, ಕುತಪಕಾಲದ ಜೊತೆಗೆ ದೌಹಿತ್ರನನ್ನೂ ಮನುಸ್ಮೃತಿ ಹೇಳುತ್ತದೆ. ದೌಹಿತ್ರ ಅಂದರೆ ಮಗಳ ಮಗ. ಹಾಗಾಗಿ ಸೊಸೆಯ ತವರಿನ ಹೆಸರುಗಳನ್ನು ಬಿಡಬೇಡಿ. ಬೀಗರಿಗೆ ಫೋನ್ ಮಾಡಿ ಕೇಳಿ ಬರೆದುಕೊಳ್ಳಿ. ಆ ಒಂದು ಫೋನಿನಿಂದ ಸೊಸೆಗೂ ಸಂತೋಷವಾಗುತ್ತದೆ, ಮಕ್ಕಳ ಹನ್ನೆರಡು ಹೆಸರೂ ತುಂಬುತ್ತದೆ.

ಮೂರನೆಯ ಪ್ರಶ್ನೆ, ಪ್ರಯಾಣದ್ದು. ಮೊದಲು ಮನೆದೇವರು ಎಂಬುದು ಸರಿ. ಆದರೆ ದಾರಿಯಲ್ಲಿ ಸಿಕ್ಕ ದೇವರಿಗೆ ಕೈ ಮುಗಿದರೆ ದೋಷವಿಲ್ಲ. ಹೊರಡುವ ಹಿಂದಿನ ದಿನ ಮನೆದೇವರ ಹೆಸರಿನಲ್ಲಿ ಅರಿಶಿನದ ಬಟ್ಟೆಯಲ್ಲಿ ಮುಡಿಪು ಕಟ್ಟಿ ದೇವರ ಮುಂದಿಡಿ. ಕಾಣಿಕೆ ನಾಣ್ಯವನ್ನು ಇಬ್ಬರು ಮಕ್ಕಳ ಕೈಯಲ್ಲೂ ಹಾಕಿಸಿ. ಅಲ್ಲಿಗೆ ಮನೆದೇವರೇ ಮೊದಲಾಯಿತು.

ಬೆಳ್ಳೂರು ಕ್ರಾಸ್ ಮೇಲೆ ಹೋದರೆ ಮೊದಲು ಸಿಗುವುದು ನಾಗಮಂಗಲ. ಹೊಯ್ಸಳರ ಕಾಲದ ಸೌಮ್ಯಕೇಶವನ ದರ್ಶನ ಮಾಡಿಸಿ. ಲೋಹದ ಎರಕಕ್ಕೆ ಹೆಸರಾದ ಊರು ಅದು. ಮನೆಯ ಚೊಂಬಿನ ಮೇಲೆ ಹೆಸರು ಓದಿದ ಮಕ್ಕಳಿಗೆ ಪಾತ್ರೆ, ವಿಗ್ರಹ ಹೇಗೆ ಹುಟ್ಟುತ್ತವೆ ಎಂದು ಅಲ್ಲಿ ಹೇಳಬಹುದು. ಅದೇ ತಾಲ್ಲೂಕಿನ ಹೆರಗನಹಳ್ಳಿಯಲ್ಲಿ 1915 ರಲ್ಲಿ ಹುಟ್ಟಿದವರು ಎಚ್.ಎಲ್. ನಾಗೇಗೌಡರು. ಸರ್ಕಾರದಲ್ಲಿ ದೊಡ್ಡ ಹುದ್ದೆಯಲ್ಲಿದ್ದೂ ಹಳ್ಳಿಯ ಜನರ ಹಾಡು, ಕಥೆಗಳನ್ನು ಸಂಗ್ರಹಿಸಿದವರು. ಜೀ.ಶಂ. ಪರಮಶಿವಯ್ಯನವರೂ ಆ ತಾಲ್ಲೂಕಿನವರೇ, ಅದೇ ಕೆಲಸಕ್ಕೆ ಬದುಕು ಕೊಟ್ಟವರು. ಅಂಥ ವಿದ್ವಾಂಸರು ಹುಡುಕಿಕೊಂಡು ಹೋದದ್ದು ಯಾರನ್ನು? ನಿಮ್ಮಂಥ ಅಜ್ಜಿಯರನ್ನು. ಆದ್ದರಿಂದ "ನನಗೇನು ಗೊತ್ತು, ನಾಲ್ಕು ಸೋಬಾನೆ ಪದ ಅಷ್ಟೆ" ಅಂತ ಎಂದೂ ಹೇಳಬೇಡಿ. ಆ ನಾಲ್ಕು ಪದವನ್ನೇ ಮೊಮ್ಮಗಳಿಗೆ ಹಾಡಿ.

ಅಲ್ಲಿಂದ ನಿಮ್ಮ ಕೆ.ಆರ್. ಪೇಟೆ. ನಿಮ್ಮ ಊರಿಗೆ, ಮನೆದೇವರಿಗೆ ಹೋಗಿ ಮುಡಿಪು ಒಪ್ಪಿಸಿ. ಆಮೇಲೆ ಪೇಟೆಗೆ ಅಂಟಿಕೊಂಡಂತಿರುವ ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಸ್ಥಾನಕ್ಕೆ ಹೋಗಿ. ಅಲ್ಲಿ ಹೊರಗೋಡೆಯ ಕೆಳಗಿನ ಪಟ್ಟಿಗಳಲ್ಲಿ ಆನೆ, ಕುದುರೆ, ಬಳ್ಳಿಗಳ ಸಾಲಿನ ಜೊತೆಗೆ ರಾಮಾಯಣ, ಮಹಾಭಾರತದ ಕಥೆ ಕೆತ್ತಿದ್ದಾರೆ. ದೊಡ್ಡವರು ಬಗ್ಗಿ ನೋಡಬೇಕು, ಮಕ್ಕಳ ಕಣ್ಣಿಗೆ ಹತ್ತಿರ. ಪ್ರದಕ್ಷಿಣೆ ಮಾಡುತ್ತಾ ನೀವು ಹೇಳಬೇಡಿ, ಅವರೇ ಹುಡುಕಲಿ. "ಅಜ್ಜೀ, ಇಲ್ಲಿ ಬಿಲ್ಲು ಹಿಡಿದವನು ಯಾರು?" ಅಂತ ಬಂದಾಗ ಮಾತ್ರ ಕಥೆ.

ಮುಂದೆ ಪಾಂಡವಪುರ ತಾಲ್ಲೂಕಿನ ಮೇಲುಕೋಟೆ. ಅಲ್ಲಿ ಮಕ್ಕಳಿಗೆ ಹೇಳಬೇಕಾದ ಕಥೆ ಎರಡು. ಉತ್ಸವಮೂರ್ತಿ ದೂರದ ದೆಹಲಿಯಲ್ಲಿತ್ತಂತೆ. ರಾಮಾನುಜರು ಹೋಗಿ ಚೆಲುವಪಿಳ್ಳೆ ಎಂದು ಪ್ರೀತಿಯಿಂದ ಕರೆದಾಗ, ಸ್ವಾಮಿ ಮಗುವಿನಂತೆ ಗೆಜ್ಜೆ ಸದ್ದು ಮಾಡುತ್ತಾ ನಡೆದುಬಂದು ಅವರ ಮಡಿಲು ಸೇರಿದನೆಂಬುದು ಕ್ಷೇತ್ರದ ಐತಿಹ್ಯ. ಗಮನಿಸಿ ತಾಯೀ, ಆಚಾರ್ಯರು ಹಿಡಿದು ಎಳೆಯಲಿಲ್ಲ, ಕರೆದರು. ಮಡಿಲು ತೆರೆದು ಕೂತರು. ಮೊಮ್ಮಕ್ಕಳನ್ನು ದೇವರ ಮನೆಗೆ ಕರೆಯುವ ಕ್ರಮವೂ ಅದೇ.

ಇನ್ನೊಂದು ವೈರಮುಡಿಯದ್ದು. ಆ ಕಿರೀಟ ವರ್ಷವಿಡೀ ಮಂಡ್ಯದ ಖಜಾನೆಯಲ್ಲಿ ಭದ್ರವಾಗಿರುತ್ತದೆ. ಉತ್ಸವದ ದಿನ ಕಾವಲಿನೊಂದಿಗೆ, ದಾರಿಯ ಊರುಗಳ ಪೂಜೆ ಸ್ವೀಕರಿಸುತ್ತಾ ಮೇಲುಕೋಟೆಗೆ ಬರುತ್ತದೆ. ಅರ್ಚಕರು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಅದನ್ನು ಸ್ವಾಮಿಗೆ ತೊಡಿಸುವ ಸಂಪ್ರದಾಯ. ರಾತ್ರಿ ಉತ್ಸವ, ಆಮೇಲೆ ಮತ್ತೆ ಖಜಾನೆಗೆ. ಖಜಾನೆಯಲ್ಲಿರುವಾಗ ಅದು ಒಡವೆ. ಸ್ವಾಮಿಯ ಶಿರಸ್ಸಿನ ಮೇಲೆ ಕೂತಾಗ ಸಾವಿರಾರು ಜನ ಕೈ ಮುಗಿಯುವ ವೈರಮುಡಿ. ನಮಗೆ ಗೊತ್ತಿರುವುದನ್ನೆಲ್ಲ ನಾವು ಎದೆಯೊಳಗೆ ಬೀಗ ಹಾಕಿ ಇಟ್ಟುಕೊಂಡರೆ ಅದು ಖಜಾನೆಯ ಒಡವೆ. ಮಕ್ಕಳ ಬಾಯಿಗೆ ಬಂದಾಗಲೇ ಸಂಪ್ರದಾಯ.

ಕೊನೆಗೆ ನಮ್ಮ ಶ್ರೀರಂಗಪಟ್ಟಣಕ್ಕೆ ಬನ್ನಿ. ಆದಿರಂಗನ ದರ್ಶನ ಮಾಡಿಸಿ, ಪಾದದ ಬಳಿ ಕೂತ ಕಾವೇರಿ ತಾಯಿಯನ್ನು ತೋರಿಸಿ. ಸಂಜೆ ಸಂಗಮಕ್ಕೆ ಹೋಗಿ. ಪಟ್ಟಣಕ್ಕೆ ಮುಂಚೆ ಎರಡಾಗಿ ಒಡೆದ ಹೊಳೆ ಊರನ್ನು ಬಳಸಿ ಬಂದು ಅಲ್ಲಿ ಮತ್ತೆ ಒಂದಾಗುತ್ತದೆ. ನಿಮ್ಮ ಯಜಮಾನರು ಮೆಟ್ಟಿಲ ಮೇಲೆ ಕೂತು, ಅಂಗೈಯಲ್ಲಿ ನೀರು ಹಿಡಿದು, ತಮ್ಮ ತಂದೆ ತಾತಂದಿರ ಹೆಸರನ್ನು ಗಟ್ಟಿಯಾಗಿ ಹೇಳಲಿ. ಮಕ್ಕಳು ಪಕ್ಕದಲ್ಲಿ ಕೂತು ಕೇಳಲಿ. ತಂದೆ ಇರುವ ಮಕ್ಕಳು ತರ್ಪಣ ಕೊಡುವ ಹಾಗಿಲ್ಲ, ಕೇಳಿದರೆ ಸಾಕು. ಸೆಳೆತ ಇರುವ ಜಾಗ, ಮಕ್ಕಳ ಕೈ ಬಿಡಬೇಡಿ, ನೀರಿಗೆ ಇಳಿಸಬೇಡಿ. ಬಟ್ಟೆ, ಪ್ಲಾಸ್ಟಿಕ್ ಹೊಳೆಗೆ ಬಿಡಬೇಡಿ. ವಾಪಸ್ಸು ಹೋಗುವಾಗ ಹಳೆಯ ಮೈಸೂರು ರಸ್ತೆ ಹಿಡಿದರೆ ರಾಮನಗರದ ಹತ್ತಿರ ನಾಗೇಗೌಡರು 1994 ರಲ್ಲಿ ಕಟ್ಟಿದ ಜಾನಪದ ಲೋಕ ಸಿಗುತ್ತದೆ. ಬೀಸುವ ಕಲ್ಲು, ಒನಕೆ ಮಕ್ಕಳು ಅಲ್ಲಿ ನೋಡಲಿ.

ಈಗ ಯಜಮಾನರ ಮರೆವಿನ ವಿಷಯ. ಜಾತಕ ಕಳಿಸಲೇ ಎಂದು ನೀವು ಕೇಳಿಲ್ಲ, ಕೇಳುವವರು ಬಹಳ. ಮೊದಲು ವೈದ್ಯರಿಗೆ ತೋರಿಸಿ. ಶಾಂತಿ, ಹೋಮ ಆಮೇಲೆ. ಮನೆಯಲ್ಲಿ ಮಾಡಬೇಕಾದ್ದು ಒಂದಿದೆ. ಅವರನ್ನು ಪರೀಕ್ಷೆ ಮಾಡಿದ ಹಾಗೆ ಕೇಳಬೇಡಿ. "ನೆನಪಿಲ್ಲವಾ?" ಎಂಬ ಮಾತು ಬೇಡ. ಬೆಳಗಿನ ಹೊತ್ತು, ಮನಸ್ಸು ತಿಳಿಯಾಗಿದ್ದಾಗ, ಹಳೆಯ ಪಾತ್ರೆಯೋ ಫೋಟೋವೋ ಕೈಗೆ ಕೊಟ್ಟು ಮೊಮ್ಮಗನನ್ನು ಪಕ್ಕದಲ್ಲಿ ಕೂರಿಸಿ. ಬೆಳಗ್ಗೆ ತಿಂದ ತಿಂಡಿ ಮರೆತವರು ಬಾಲ್ಯದ ಊರು, ಕೆರೆ, ಹಾಡು ನೆನೆದು ಹೇಳಿದ್ದನ್ನು ನಾನು ಬಹಳ ಮನೆಗಳಲ್ಲಿ ಕಂಡಿದ್ದೇನೆ. ಅವರು ಹೇಳಿದ್ದನ್ನು ಮೊಮ್ಮಗ ತನ್ನ ಕೈಯಲ್ಲಿ ನೋಟ್‌ಬುಕ್ಕಿನಲ್ಲಿ ಬರೆಯಲಿ. ಕಾಗುಣಿತ ತಪ್ಪಿದರೂ ಬಿಡಿ. ನಿಮ್ಮ ಮಗನ ಲೆಕ್ಕದಲ್ಲಿ ಹನ್ನೆರಡು ಹೆಸರು, ಪಕ್ಕದಲ್ಲಿ ಒಬ್ಬೊಬ್ಬರ ಊರು. ಬದುಕಿರುವವರ ಹೆಸರೂ ಇರಲಿ, ಅಮಂಗಳವೆಂದು ಹೆದರಬೇಡಿ. ಇದು ಶ್ರಾದ್ಧದ ಪಟ್ಟಿಯಲ್ಲ, ಮನೆಯ ಪಟ್ಟಿ. ಕೆಲವು ಹೆಸರು ಸಿಗದೇ ಹೋಗಬಹುದು. ಆ ಸಾಲು ಖಾಲಿ ಬಿಡಿ, ಸುಳ್ಳು ತುಂಬಬೇಡಿ. ಖಾಲಿ ಸಾಲು ನೋಡಿ ಮುಂದೆ ಮೊಮ್ಮಗನೇ ಹುಡುಕಿಯಾನು.

ಇದಕ್ಕೆ ಯಾವ ದಿನ ಒಳ್ಳೆಯದು ಎಂದು ಕೇಳಿದರೆ, ಪಂಚಾಂಗ ಹಿಡಿದು ಬದುಕುವ ನಾನೇ ಹೇಳುತ್ತೇನೆ, ಪಂಚಾಂಗ ನೋಡಬೇಡಿ. ರಾಹುಕಾಲವೂ ಬೇಡ. ತಾತನಿಗೆ ಹೆಸರು ನೆನಪಾದ ಗಳಿಗೆಯೇ ಮುಹೂರ್ತ. ಅದು ಈ ಬೇಸಗೆಯವರೆಗೆ ಕಾಯುತ್ತದೆ ಎಂದು ಇಟ್ಟುಕೊಳ್ಳಬೇಡಿ. ಈ ಪತ್ರಿಕೆ ಮುಚ್ಚಿಟ್ಟು, ಇವತ್ತು ಸಂಜೆ ದೀಪ ಹಚ್ಚಿದ ಮೇಲೆ, ಒಂದು ಹೆಸರು ಕೇಳಿ. ಒಂದೇ ಸಾಕು. ನಾಳೆಗೆ ಇನ್ನೊಂದು.

ನಿಮ್ಮ ಮನೆಗೆ ರಂಗನಾಥ ಒಳ್ಳೆಯದು ಮಾಡಲಿ. ಶುಭಮಸ್ತು.